ದೀಪ ಹಿಡಿದವಳ ಊರಿನಲ್ಲಿ ಮೂರು ದಿನ

ನಮ್ಮ ಅಡುಗೆಮನೆಯ ಬಾಗಿಲ ಮೇಲೆ ಒಂದು ಚಿತ್ರವಿದೆ. ನಾನು ಹುಟ್ಟುವ ಮೊದಲು ಅಜ್ಜ ಕಡೂರಿನ ಸಂತೆಯಲ್ಲಿ ಕೊಂಡು ತಂದ ಕ್ಯಾಲೆಂಡರಿನದು. ತಿಂಗಳ ಹಾಳೆಗಳು ಮುಗಿದ ಮೇಲೂ ಎಸೆಯಲು ಮನಸ್ಸಾಗದೆ ಅಮ್ಮ ಅದಕ್ಕೆ ಕಟ್ಟು ಹಾಕಿಸಿದಳು. ಒಬ್ಬ ಹೆಣ್ಣುಮಗಳು ಒಂದು ಕೈಯಲ್ಲಿ ದೀಪ ಹಿಡಿದಿದ್ದಾಳೆ, ಇನ್ನೊಂದು ಅಂಗೈಯನ್ನು ಅದಕ್ಕೆ ಮರೆ ಮಾಡಿದ್ದಾಳೆ. ಬೆಳಕು ಮುಖಕ್ಕೆ ಬಡಿದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ‘ರವಿವರ್ಮ’ ಎಂದು ಅಚ್ಚಾಗಿದೆ. ನಾನು ಹತ್ತೊಂಬತ್ತು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದೇನೆ. ಆ ಚಿತ್ರದ ಮೂಲ ಮೈಸೂರಿನಲ್ಲಿದೆ ಎಂದು ಮಕ್ಕಳಿಗೆ ಪ್ರತಿವರ್ಷ ಹೇಳುತ್ತೇನೆ. ಅಮ್ಮನನ್ನು ಮಾತ್ರ ಒಮ್ಮೆಯೂ ಕರೆದುಕೊಂಡು ಹೋಗಿರಲಿಲ್ಲ. ಅವಳಿಗೀಗ ಎಪ್ಪತ್ತನಾಲ್ಕು. ಈ ಆಷಾಢದಲ್ಲಿ ಹೊರಟೆವು.

ಮೊದಲ ದಿನ, ಮಂಗಳವಾರ

ಕಡೂರಿನಲ್ಲಿ ರೈಲು ಹತ್ತಿದಾಗ ಇನ್ನೂ ನಸುಕು. ಅರಸೀಕೆರೆಯಲ್ಲಿ ಕಾಫಿ, ಹಾಸನದಲ್ಲಿ ಬುತ್ತಿ ಬಿಚ್ಚಿ ಚಪಾತಿ. ಹೊಳೆನರಸೀಪುರ ದಾಟಿದ ಮೇಲೆ ಸೋನೆ ಹಿಡಿದದ್ದು ಮೈಸೂರಿನವರೆಗೂ ಬಿಡಲಿಲ್ಲ. ಮೊದಲೇ ಹೇಳಿಟ್ಟಿದ್ದ ವಸತಿಗೃಹದವರು ನಮ್ಮ ಕೋಣೆಯನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು. ಕೆಳಮಹಡಿಯ ಕೋಣೆ ಎಂದು ಗೊತ್ತುಮಾಡಿಕೊಂಡದ್ದು ಅಮ್ಮನ ಮಂಡಿಗಾಗಿ. ಕೊನೆಗೆ ಸಿಕ್ಕಿದ್ದು ಎರಡನೇ ಮಹಡಿಯಲ್ಲಿ, ಅಲ್ಲಿ ಲಿಫ್ಟ್ ಇಲ್ಲ. ನಾನು ಜಗಳಕ್ಕೆ ನಿಂತಾಗ ಅಮ್ಮ ಕೈಚೀಲ ಎತ್ತಿಕೊಂಡು ಮೆಟ್ಟಿಲು ಹತ್ತತೊಡಗಿದ್ದಳು. ವಯಸ್ಸಾದವರ ಜೊತೆ ಹೋಗುವವರು ಹೊರಡುವ ಹಿಂದಿನ ಸಂಜೆ ಇನ್ನೊಮ್ಮೆ ಫೋನ್ ಮಾಡಿ ಖಚಿತ ಮಾಡಿಕೊಳ್ಳುವುದು ಒಳ್ಳೆಯದು.

ಊಟ ಮುಗಿಸಿ ಜಗನ್ಮೋಹನ ಅರಮನೆಗೆ ಹೋದೆವು. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ್ದು. 1897ರಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಸಿಕ್ಕಿದಾಗ ರಾಜಮನೆತನ ಇಲ್ಲಿಗೆ ಬಂತು, ಹೊಸ ಅರಮನೆ ಮುಗಿಯುವ 1912ರವರೆಗೂ ಇಲ್ಲೇ ಇತ್ತು. ನಾಲ್ವಡಿಯವರ ಪಟ್ಟಾಭಿಷೇಕವೂ 1902ರಲ್ಲಿ ಇಲ್ಲೇ ಆಯಿತು. 1915ರಲ್ಲಿ ಇದು ಚಿತ್ರಶಾಲೆಯಾಯಿತು. ಈಗಿನ ಹೆಸರು ಶ್ರೀ ಜಯಚಾಮರಾಜೇಂದ್ರ ಆರ್ಟ್ ಗ್ಯಾಲರಿ. ಜನ ವಾಸವಿದ್ದ ಮನೆ ಎಂಬುದು ಒಳಗೆ ಕಾಲಿಟ್ಟ ಕೂಡಲೇ ತಿಳಿಯುತ್ತದೆ. ಕಿಟಕಿಗಳು ನೆಂಟರು ಕುಳಿತು ಮಾತಾಡುವ ಎತ್ತರಕ್ಕಿವೆ.

ಫ್ರಾನ್ಸಿನಿಂದ ಬಂದ ಗಡಿಯಾರ, ಭೂತಗನ್ನಡಿಯಲ್ಲಿ ನೋಡಬೇಕಾದ ಅಕ್ಕಿಕಾಳಿನ ಚಿತ್ರ, ಇವುಗಳ ಮುಂದೆ ಶಾಲಾಮಕ್ಕಳು ಮುತ್ತಿಕೊಂಡಿದ್ದರು. ನಾವು ನೇರವಾಗಿ ರವಿವರ್ಮನ ತೈಲಚಿತ್ರಗಳ ಕಡೆಗೆ ನಡೆದೆವು. ಹನ್ನೊಂದು ಮಂದಿ ಸಂಗೀತಗಾರ್ತಿಯರ ಆ ದೊಡ್ಡ ಚಿತ್ರದ ಮುಂದೆ ಅಮ್ಮ ಬಹಳ ಹೊತ್ತು ನಿಂತಳು. ನಾಡಿನ ಬೇರೆಬೇರೆ ಕಡೆಯ ಹೆಂಗಸರನ್ನು ಅವರವರ ಉಡುಗೆಯಲ್ಲೇ ಒಂದೆಡೆ ಸೇರಿಸಿದ ಚಿತ್ರವದು. ಕೇರಳದ ಉಡುಪಿನವಳ ಮಡಿಲಲ್ಲಿ ವೀಣೆ, ಹಿಂದೆ ಗರಿಯ ಟೋಪಿ ಹಾಕಿದ ಆಂಗ್ಲೋ ಇಂಡಿಯನ್ ಮಹಿಳೆ. ಅಮ್ಮ ಸೀರೆಗಳನ್ನು ಒಂದೊಂದಾಗಿ ಓದಿದಳು: ಇದು ಕಚ್ಚೆ, ಇದರ ಸೆರಗು ಎಡಕ್ಕಲ್ಲ ಬಲಕ್ಕೆ, ಈ ಅಂಚು ಜರಿಯದೇ ಇರಬೇಕು. ನಾನು ಬಣ್ಣದ ಪದರ ನೋಡುತ್ತಿದ್ದೆ, ಅವಳು ಬಟ್ಟೆಯ ನೇಯ್ಗೆ ನೋಡುತ್ತಿದ್ದಳು. ಎಣ್ಣೆಬಣ್ಣದಲ್ಲಿ ರೇಷ್ಮೆಯ ಮಡಿಕೆ ಹೀಗೆ ಕಾಣಬೇಕಾದರೆ ಒಂದು ಪದರ ಒಣಗಿದ ಮೇಲೆ ಇನ್ನೊಂದನ್ನು ಸವರುತ್ತಾ ಹೋಗಬೇಕು ಎಂದು ನಾನು ಹೇಳಿದೆ. ‘ಸಮಯ ಇತ್ತಲ್ಲ ಅವರಿಗೆ’ ಅಂದಳು.

ಆಮೇಲೆ ಅವಳ ಬಳಿಗೆ ಹೋದೆವು.

ಮಬ್ಬು ಬೆಳಕಿನ ಮೂಲೆಯಲ್ಲಿದ್ದಾಳೆ. ನಾನು ಅಂದುಕೊಂಡಷ್ಟು ದೊಡ್ಡ ಚಿತ್ರವಲ್ಲ. ಕ್ಯಾಲೆಂಡರಿನಲ್ಲಿ ದೀಪದ ಸುತ್ತ ಹಳದಿ ಬಳಿದಂತೆ ಇರುತ್ತದೆ, ಇಲ್ಲಿ ಹಾಗಿಲ್ಲ. ಬೆಳಕು ಚಿತ್ರದ ಒಳಗಿನಿಂದ ಬರುತ್ತದೆ. ಮರೆ ಹಿಡಿದ ಬೆರಳುಗಳ ಸಂದಿಯಲ್ಲಿ ರಕ್ತದ ಕೆಂಪು ಕಾಣುತ್ತದೆ. ಅಂಗೈಯ ಒಳಗೆ ಜೀವ ಹರಿಯುತ್ತಿದೆ ಎಂದು ನಂಬುವಷ್ಟು.

ಅಮ್ಮ ಮಾತಾಡಲಿಲ್ಲ. ತನ್ನ ಎಡಗೈಯನ್ನು ಎತ್ತಿ, ಬೆರಳುಗಳನ್ನು ಹಾಗೆಯೇ ಬಾಗಿಸಿ ನೋಡಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ, ‘ಗಾಳಿ ಈ ಕಡೆಯಿಂದ ಬರುತ್ತಿದೆ ಕಣೇ, ಅದಕ್ಕೇ ಕೈ ಅಷ್ಟು ಹತ್ತಿರ ಹಿಡಿದಿದ್ದಾಳೆ. ನಮ್ಮ ಮನೆಗೆ ಕರೆಂಟು ಬರುವ ಮೊದಲು ಹಿತ್ತಿಲ ಬಚ್ಚಲಿಗೆ ಹೋಗುವಾಗ ನಾನೂ ಹೀಗೆಯೇ ಹಿಡಿಯುತ್ತಿದ್ದೆ. ಕೈ ಸುಡುತ್ತದೆ. ಆದರೂ ತೆಗೆಯುವ ಹಾಗಿಲ್ಲ’ ಅಂದಳು.

ಅಲ್ಲಿದ್ದ ಹಿರಿಯ ಕಾವಲುಗಾರರು ನಮ್ಮ ಮಾತು ಕೇಳಿ ಹತ್ತಿರ ಬಂದರು. ‘ರವಿವರ್ಮನ ದೀಪದ ಹುಡುಗಿ ಎಲ್ಲಿ ಅಂತ ದಿನಕ್ಕೆ ಎಷ್ಟು ಜನ ಕೇಳುತ್ತಾರೆ ಗೊತ್ತೇ ತಾಯಿ? ಇದು ಅವರದಲ್ಲ.’

ನನಗೆ ಗೊತ್ತಿತ್ತು, ಮಕ್ಕಳಿಗೂ ಹೇಳುತ್ತಿದ್ದೆ. ಆದರೆ ಮನೆಯ ಚಿತ್ರದ ಕೆಳಗಿನ ಹೆಸರು ತಪ್ಪು ಎಂದು ಅಮ್ಮನಿಗೆ ಇಷ್ಟು ವರ್ಷ ಹೇಳದೆ ಉಳಿದಿದ್ದೆ. ಅಜ್ಜ ತಂದ ವಸ್ತುವಿನಲ್ಲಿ ಕೊರತೆ ತೋರಿಸಲು ಬಾಯಿ ಬಂದಿರಲಿಲ್ಲ. ಅಲ್ಲೇ ನಿಂತು ಹೇಳಿದೆ. ಬರೆದವರು ಸಾವಂತವಾಡಿಯಲ್ಲಿ ಹುಟ್ಟಿ ಮುಂಬೈಯಲ್ಲಿ ಕಲಿತು ಕಲಿಸಿದ ಎಸ್.ಎಲ್. ಹಳದಣಕರ್. ಬರೆದದ್ದು 1945-46ರ ಸುಮಾರಿಗೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಅಷ್ಟೇ ಅಲ್ಲ, ಇದು ತೈಲಚಿತ್ರವೇ ಅಲ್ಲ, ಜಲವರ್ಣ. ದೀಪ ಹಿಡಿದು ನಿಂತವಳು ಕಲಾವಿದರ ಸ್ವಂತ ಮಗಳು. ದೀಪಾವಳಿಯ ಸಂಜೆ ಅವಳು ದೀಪ ತೆಗೆದುಕೊಂಡು ಬರುವುದನ್ನು ಕಂಡು ಈ ಚಿತ್ರ ಹೊಳೆಯಿತು ಎನ್ನುತ್ತಾರೆ. ಮೈಸೂರಿನ ದಸರಾ ಪ್ರದರ್ಶನದಲ್ಲಿ ಬಹುಮಾನ ಪಡೆದು ಇಲ್ಲೇ ಉಳಿಯಿತು. ಆ ಮಗಳು ನೂರು ವರ್ಷ ದಾಟಿ ಬದುಕಿ 2018ರಲ್ಲಿ ತೀರಿಕೊಂಡರು.

ಜಲವರ್ಣ ಎಂದರೆ ಏನೆಂದು ಬಲ್ಲವರಿಗೆ ಈ ಚಿತ್ರ ಹೆದರಿಕೆ ಹುಟ್ಟಿಸುತ್ತದೆ. ಎಣ್ಣೆಬಣ್ಣದಲ್ಲಿ ಕತ್ತಲೆಯ ಮೇಲೆ ಬೆಳಕನ್ನು ಆಮೇಲೆ ಇಡಬಹುದು. ಜಲವರ್ಣದಲ್ಲಿ ಬೆಳಕೆಂದರೆ ಕಾಗದವೇ. ಬೆಳಕು ಬೇಕಾದ ಕಡೆ ಕಾಗದವನ್ನು ಮುಟ್ಟದೆ ಬಿಡಬೇಕು, ಸುತ್ತಲಿನ ಕತ್ತಲೆಯನ್ನು ತಂದು ಅದರ ಅಂಚಿನಲ್ಲಿ ನಿಲ್ಲಿಸಬೇಕು. ಒಂದು ಹನಿ ಒಳಗೆ ಹರಿದರೆ ದೀಪ ಆರಿದಂತೆ. ಇಷ್ಟು ಕತ್ತಲೆ ತುಂಬಿಯೂ ಆ ಮುಖವನ್ನು ಉಳಿಸಿದ ಕೈಯನ್ನು ಊಹಿಸಿ ನೋಡಿ. ಅಂಥ ಕೈಯ ಹೆಸರು ಲಕ್ಷಾಂತರ ಗೋಡೆಗಳಲ್ಲಿ ಬೇರೆಯವರದಾಗಿದೆ. 1894ರಲ್ಲಿ ಶುರುವಾದ ರವಿವರ್ಮ ಪ್ರೆಸ್ಸಿನ ಅಚ್ಚುಗಳು ಮನೆಮನೆಗೆ ತಲುಪಿದ್ದವು. ಕ್ಯಾಲೆಂಡರಿನಲ್ಲಿ ಸುಂದರ ಹೆಣ್ಣು ಕಂಡರೆ ಅದು ರವಿವರ್ಮನದೇ ಎಂಬ ರೂಢಿ ಬೆಳೆದುಬಿಟ್ಟಿತು. ಇದರಲ್ಲಿ ರವಿವರ್ಮನ ತಪ್ಪೇನೂ ಇಲ್ಲ. ನನಗೆ ಮಾತ್ರ ಇದು ನೋಯುತ್ತದೆ.

‘ಹೆಸರು ಇನ್ನೊಮ್ಮೆ ಹೇಳು’ ಅಂದಳು ಅಮ್ಮ. ಹೇಳಿದೆ. ಹೊರಗೆ ಬರುವವರೆಗೂ ತುಟಿಯಲ್ಲೇ ಅಂದುಕೊಳ್ಳುತ್ತಿದ್ದಳು.

ಎರಡನೇ ದಿನ, ಬುಧವಾರ

ನಜರಬಾದಿನಲ್ಲಿ ಮೈಲಾರಿ ದೋಸೆ ತಿಂದೆವು. ಬೆಣ್ಣೆಯ ಮುದ್ದೆ ಕರಗುವ ಮೊದಲೇ ಬಾಯಿಗಿಡಬೇಕು. ಗರಿಗರಿ ದೋಸೆ ಬಯಸುವವರಿಗೆ ಇದಲ್ಲ, ಇದು ಹತ್ತಿಯಂತೆ ಮೆತ್ತಗೆ. ಹಲ್ಲು ಸಡಿಲವಾಗಿರುವ ಅಮ್ಮ ಎರಡು ತಿಂದಳು.

ಅಂಬಾವಿಲಾಸ ಅರಮನೆಯೊಳಗೆ ಚಪ್ಪಲಿ ಬಿಟ್ಟು ಹೋಗಬೇಕು. ಆಷಾಢದಲ್ಲಿ ಆ ನೆಲ ಎಲುಬಿಗೆ ಇಳಿಯುವಷ್ಟು ತಣ್ಣಗಿರುತ್ತದೆ. ಅಮ್ಮನಿಗೆ ಉಣ್ಣೆಯ ಕಾಲುಚೀಲ ತಂದಿದ್ದು ಒಳ್ಳೆಯದಾಯಿತು.

ನಾನು ಬಂದದ್ದು ಕಲ್ಯಾಣ ಮಂಟಪದ ಗಾಜಿಗಾಗಿ. ಎಂಟು ಮೂಲೆಯ ಮಂಟಪ, ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫರ್ಲೇನ್ ಎರಕದ ಕಾರ್ಖಾನೆಯಿಂದ ಬಂದ ಕಬ್ಬಿಣದ ಕಂಬಗಳು, ತಲೆಯ ಮೇಲೆ ನವಿಲುಗಳು ತುಂಬಿದ ಬಣ್ಣದ ಗಾಜಿನ ಗುಮ್ಮಟ. ನಾವು ಒಳಗೆ ಬಂದಾಗ ಮೋಡ ಕವಿದಿತ್ತು. ನವಿಲುಗಳು ಒದ್ದೆಯಾಗಿ ಮುದುಡಿ ಕುಳಿತ ಹಾಗೆ ಬೂದಾಗಿದ್ದವು. ಜನ ತಲೆಯೆತ್ತಿ ನೋಡಿ, ಮೊಬೈಲ್ ಎತ್ತಿ, ಮುಂದೆ ಹೋಗುತ್ತಿದ್ದರು. ನಾವು ಪಕ್ಕಕ್ಕೆ ಸರಿದು ಗೋಡೆಗೆ ಒರಗಿ ಕಾದೆವು. ಗಾಜಿನ ಕೆಲಸವನ್ನು ನೋಡಲು ಹೋದವರಿಗೆ ಕಾಯುವ ಬಿಡುವು ಇರಬೇಕು. ಸುಮಾರು ಇಪ್ಪತ್ತೈದು ನಿಮಿಷ ಆಗಿರಬೇಕು. ಮೋಡ ಎಲ್ಲೋ ಹರಿಯಿತು. ಒಮ್ಮೆಗೇ ಗುಮ್ಮಟಕ್ಕೆ ಪ್ರಾಣ ಬಂತು. ನೀಲಿ, ಹಸಿರು ಹತ್ತಿಕೊಂಡವು, ನೆಲದ ನವಿಲಿನ ವಿನ್ಯಾಸಕ್ಕೂ ಬೆಳಕು ಇಳಿಯಿತು. ಮುಂದೆ ಹೋಗಿದ್ದ ಒಂದು ಕುಟುಂಬ ಹಿಂದಿರುಗಿ ಬಂತು. ಒಂದು ಮಗು ಅಂಗೈ ಚಾಚಿ ಬಣ್ಣ ಹಿಡಿಯಲು ನೋಡಿತು. ಐದು ನಿಮಿಷವೂ ಇರಲಿಲ್ಲ, ಮತ್ತೆ ಮೋಡ.

ಅದೇ ಮಂಟಪದ ಸುತ್ತ ಗೋಡೆಗಳಲ್ಲಿ ದಸರಾ ಮೆರವಣಿಗೆಯ 26 ಚಿತ್ರಗಳಿವೆ. ಗಾಜಿಗೆ ಸೋತ ಕಣ್ಣು ಇವುಗಳನ್ನು ಬೇಗ ದಾಟಿಬಿಡುತ್ತದೆ. ದಾಟಬೇಡಿ. ಅರಮನೆಯ ಕಲಾವಿದರು 1934ರಿಂದ ಹತ್ತು ವರ್ಷಕ್ಕೂ ಮಿಕ್ಕಿ ಕುಳಿತು ಬರೆದದ್ದು, 1930ರ ಮೆರವಣಿಗೆಯ ಛಾಯಾಚಿತ್ರಗಳನ್ನು ಎದುರಿಗಿಟ್ಟುಕೊಂಡು. ಆದ್ದರಿಂದಲೇ ಅಲ್ಲಿನ ಮುಖಗಳು ಗುಂಪಿನ ಮುಖಗಳಲ್ಲ, ಒಬ್ಬೊಬ್ಬರೂ ಆ ದಿನ ನಿಜವಾಗಿ ರಸ್ತೆಯಲ್ಲಿದ್ದವರು. ಕೆ. ಕೇಶವಯ್ಯ, ವೈ. ನಾಗರಾಜು, ವೈ. ಸುಬ್ರಹ್ಮಣ್ಯರಾಜು ಮೊದಲಾದವರ ಕೈಕೆಲಸ. ಒಂದು ಚಿತ್ರದಲ್ಲಿ ಸಿಪಾಯಿಗಳ ಸಾಲಿನ ಹಿಂದೆ ಜನ ನೂಕಾಡಿಕೊಂಡು ನಿಂತಿದ್ದರು. ‘ಅಪ್ಪನ ಸೋದರಮಾವ ದಸರಾ ನೋಡಲು ಎತ್ತಿನ ಗಾಡಿ ಕಟ್ಟಿಕೊಂಡು ಬಂದಿದ್ದರಂತೆ, ಇಲ್ಲೆಲ್ಲಾದರೂ ಇರಬಹುದು’ ಎಂದು ಅಮ್ಮ ಪೇಟ ಕಟ್ಟಿದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು. ಅವಳು ಅವರ ಮುಖವನ್ನೇ ಕಂಡವಳಲ್ಲ. ಆದರೂ ನೋಡಿದಳು.

ಹೊರಬಂದು ದೇವರಾಜ ಮಾರುಕಟ್ಟೆಯತ್ತ ನಡೆಯುವಾಗ ಮಳೆ ಜೋರಾಯಿತು. ಅರಮನೆಯ ಅಂಗಳದಲ್ಲಿ ಕುಳಿತು ನಾನು ಬಿಡಿಸಿಕೊಂಡಿದ್ದ ಆನೆಬಾಗಿಲಿನ ರೇಖಾಚಿತ್ರ ಚೀಲದ ಹೊರಜೇಬಿನಲ್ಲಿತ್ತು. ಮಸಿ ಕದಡಿ ಪುಟವೆಲ್ಲ ನೀಲಿ ಆಯಿತು. ಕುಂಕುಮದ ಅಂಗಡಿಯ ತಾತ ತನ್ನ ಕೆಂಪು, ಹಳದಿ, ಕಡುನೀಲಿ ಗೋಪುರಗಳಿಗೆ ಪ್ಲಾಸ್ಟಿಕ್ ಹೊದಿಸುತ್ತಿದ್ದವರು ನಮ್ಮನ್ನು ಒಳಗೆ ಕರೆದು ಮಣೆ ಹಾಕಿದರು. ನನ್ನ ಪುಟ ನೋಡಿ, ‘ಆನೆಬಾಗಿಲು ಮಳೆಯಲ್ಲಿ ಹೀಗೇ ಕಾಣುವುದು ಮಗಳೇ, ಎಸೆಯಬೇಡ’ ಅಂದರು. ಮಳೆ ನಿಲ್ಲುವವರೆಗೆ ಕುಳಿತೆವು. ಹೊರಡುವಾಗ ಅಮ್ಮ ನೂರು ಗ್ರಾಂ ಕುಂಕುಮ ಕೊಂಡಳು, ಅವರು ಒಂದು ಪೊಟ್ಟಣ ಅರಿಸಿನವನ್ನೂ ಕಟ್ಟಿಕೊಟ್ಟು ಅದಕ್ಕೆ ಹಣ ಬೇಡವೆಂದರು. ಆ ಪುಟವನ್ನು ಎಸೆದಿಲ್ಲ.

ಸಂಜೆ ಸಂತ ಫಿಲೋಮಿನಾ ಚರ್ಚು. ನಾಲ್ವಡಿಯವರು 1933ರಲ್ಲಿ ಅಡಿಗಲ್ಲು ಹಾಕಿದ ಕಟ್ಟಡ, 175 ಅಡಿಯ ಜೋಡಿ ಶಿಖರ. ಇಲ್ಲಿನ ಗಾಜು ಫ್ರಾನ್ಸಿನದು, ಕ್ರಿಸ್ತನ ಜನನದಿಂದ ಸ್ವರ್ಗಾರೋಹಣದವರೆಗಿನ ಕಥೆ. ಅರಮನೆಯ ಗಾಜು ಹಬ್ಬದ್ದಾದರೆ ಇದು ಮೌನದ್ದು. ಗಾಜು ಕರಗಿದಾಗಲೇ ಲೋಹದ ಭಸ್ಮ ಬೆರೆಸಿದರೆ ಬಣ್ಣ ಅದರ ಮೈಯಾಗುತ್ತದೆ, ಕೋಬಾಲ್ಟ್ ಬೆರೆತರೆ ಆ ಗಾಢ ನೀಲಿ. ಕಣ್ಣು, ಗಡ್ಡ, ಬಟ್ಟೆಯ ನೆರಿಗೆಗಳನ್ನು ಆಮೇಲೆ ಬರೆದು ಮತ್ತೆ ಕುಲುಮೆಯಲ್ಲಿ ಸುಡುತ್ತಾರೆ. ಚೂರುಗಳನ್ನು ಸೀಸದ ಪಟ್ಟಿಯಿಂದ ಹೊಲಿಯುತ್ತಾರೆ. ಆ ಕಪ್ಪು ಗೆರೆ ಇಲ್ಲದಿದ್ದರೆ ಬಣ್ಣಗಳು ಒಂದರ ಮೇಲೊಂದು ಚೆಲ್ಲಿ ಏನೂ ಕಾಣುತ್ತಿರಲಿಲ್ಲ. ಅಮ್ಮನಿಗೆ ಪಿಸುಮಾತಿನಲ್ಲಿ ಇದನ್ನು ಹೇಳುತ್ತಿದ್ದಾಗ ಪಕ್ಕದ ಬೆಂಚಿನ ವೃದ್ಧೆಯೊಬ್ಬರು, ‘ಪೂಜೆ ಶುರುವಾಗುತ್ತದೆ, ಕುಳಿತುಕೊಳ್ಳಿ, ಹೊತ್ತು ಮುಳುಗುವವರೆಗೆ ನೋಡಿ’ ಎಂದು ಜಾಗ ಸರಿಸಿ ಕೊಟ್ಟರು. ಕುಳಿತೆವು. ಕೆಂಪು ಮೊದಲು ಆರಿತು. ಕೊನೆಯವರೆಗೆ ಉಳಿದದ್ದು ನೀಲಿ.

ಮೂರನೇ ದಿನ, ಗುರುವಾರ

ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಅದಕ್ಕೇ ಒಂದು ದಿನ ಮೊದಲೇ ಹೋದೆವು. ನಗರ ಬಸ್ ನಿಲ್ದಾಣದಿಂದ 201ನೇ ಸಂಖ್ಯೆಯ ಬಸ್ಸು. ದರ್ಶನ ಮುಗಿಸಿ ಆಟೋದಲ್ಲಿ ನಂದಿಗೆ ಇಳಿದೆವು. ದೊಡ್ಡದೇವರಾಜ ಒಡೆಯರ ಕಾಲದ್ದು, ಒಂದೇ ಬಂಡೆ. ಎಣ್ಣೆ ಕುಡಿದು ಕುಡಿದು ಕಪ್ಪಾದ ಮೈ, ಕೊರಳಲ್ಲಿ ಕಲ್ಲಿನ ಗಂಟೆಸರ. ಅಮ್ಮ ಸುತ್ತು ಬಂದು, ‘ಮಾಡಿದವರ ಹೆಸರು ಎಲ್ಲಿದೆ?’ ಎಂದು ಕೇಳಿದಳು. ಸುತ್ತಮುತ್ತ ಹುಡುಕಿದೆ, ಎಲ್ಲೂ ಕಾಣಲಿಲ್ಲ.

ಅಲ್ಲಿಂದ ಸಿದ್ಧಾರ್ಥನಗರದ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಗೆ, ಊರಿನವರ ಬಾಯಲ್ಲಿ ‘ಕಾವಾ’. ನಾಲ್ವಡಿಯವರು ತಂದೆಯ ಹೆಸರಿನಲ್ಲಿ ಸ್ಥಾಪಿಸಿದ ತಾಂತ್ರಿಕ ಸಂಸ್ಥೆಯಲ್ಲಿ ಇದರ ಬೇರಿದೆ. ವಿದ್ಯಾರ್ಥಿಗಳ ಪುಟ್ಟ ಪ್ರದರ್ಶನವೊಂದು ನಡೆಯುತ್ತಿತ್ತು, ಹೊರಗಿನವರೆಂದರೆ ನಾವಿಬ್ಬರೇ. ಕ್ಯಾನ್ವಾಸುಗಳು ಹಲವು ಇದ್ದವು. ಕೆಲವು ಅವಸರದವು, ಎರಡು ಬಹಳ ಒಳ್ಳೆಯವು: ಬತ್ತಿದ ಕೆರೆಯೊಂದನ್ನು ಬರೀ ಕಂದು ಬಣ್ಣದ ಹತ್ತಾರು ಛಾಯೆಗಳಲ್ಲಿ ಬರೆದದ್ದು, ಮತ್ತು ಖಾಲಿ ಬಸ್ಸಿನ ಸೀಟುಗಳು. ಅರ್ಥವಾಗದ ಅಮೂರ್ತ ಚಿತ್ರದ ಮುಂದೆ ಅಮ್ಮ ನನ್ನ ಮುಖ ನೋಡಿದಳು. ಮುಟ್ಟಿದರೆ ಹೇಗಿರಬಹುದು ಎಂದು ಯೋಚಿಸಿ ನೋಡಮ್ಮ ಅಂದೆ. ‘ಒರಟು, ಸಗಣಿ ಸಾರಿಸಿದ ಗೋಡೆಯ ಹಾಗೆ’ ಅಂದಳು. ಅಲ್ಲಿದ್ದ ಹುಡುಗನ ಮುಖ ಅರಳಿತು. ಅವನು ಬಣ್ಣಕ್ಕೆ ಮಣ್ಣನ್ನೇ ಬೆರೆಸಿದ್ದನಂತೆ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಒಂದು ಕಿಟಕಿ. ಹಳೆಯ ಮರದ ಚೌಕಟ್ಟಿನಲ್ಲಿ ಒಡೆದ ಗಾಜಿನ ಬಳೆಗಳನ್ನು ಕರಗಿಸಿ ಕೂಡಿಸಿದ ಹಾಳೆಗಳು. ಹಸಿರು, ಕೆಂಪು, ಅಲ್ಲಲ್ಲಿ ಬಳೆಯ ಬಾಗು ಪೂರ್ತಿ ಕರಗದೆ ಕಮಾನಿನಂತೆ ಉಳಿದಿತ್ತು. ಮಾಡಿದವಳು ಕೊನೆಯ ವರ್ಷದ ಹುಡುಗಿ. ಬಳೆಯ ಚೂರುಗಳನ್ನು ಹೇಗೆಂದರೆ ಹಾಗೆ ಬೆರೆಸಲಾಗದು ಎಂದಳು. ಒಂದೊಂದು ಗಾಜು ಕಾಯುವಾಗ ಹಿಗ್ಗುವ, ಆರುವಾಗ ಕುಗ್ಗುವ ಪ್ರಮಾಣ ಬೇರೆ. ಹೊಂದದ ಎರಡು ಗಾಜುಗಳು ಕುಲುಮೆಯಲ್ಲಿ ಒಂದಾದಂತೆ ಕಂಡರೂ ಹೊರಗೆ ಬಂದ ಮೇಲೆ ಸೀಳುತ್ತವೆ. ಅದಕ್ಕೇ ಒಂದೇ ಕಡೆಯಲ್ಲಿ ತಯಾರಾದ ಬಳೆಗಳನ್ನು ಹುಡುಕಿ ಕೂಡಿಸಿದ್ದಾಳೆ, ಕುಲುಮೆಯನ್ನು ಒಂದಿಡೀ ರಾತ್ರಿ ನಿಧಾನವಾಗಿ ಆರಲು ಬಿಟ್ಟಿದ್ದಾಳೆ. ಒಡೆದವು ಎಷ್ಟು ಎಂದು ಕೇಳಿದೆ. ‘ಉಳಿದದ್ದಕ್ಕಿಂತ ಹೆಚ್ಚು ಮೇಡಂ.’

ಅಮ್ಮ ಚಿಕ್ಕಂದಿನಲ್ಲಿ ಬಳೆಚೂರುಗಳನ್ನು ಬುಡ್ಡಿದೀಪದ ಮೇಲೆ ಹಿಡಿದು ಬಗ್ಗಿಸಿ ಒಂದಕ್ಕೊಂದು ಕೊಂಡಿ ಮಾಡಿ ಸರ ಕಟ್ಟುತ್ತಿದ್ದಳಂತೆ. ಮಣಿಕಟ್ಟಿನ ಬಳಿ ಈಗಲೂ ಇರುವ ಸುಟ್ಟ ಕಲೆಯನ್ನು ಆ ಹುಡುಗಿಗೆ ತೋರಿಸಿದಳು. ಹುಡುಗಿಯೂ ತೋಳು ಮಡಿಸಿ ತನ್ನ ಕಲೆಯನ್ನು ತೋರಿಸಿದಳು. ಆಮೇಲೆ ಇಬ್ಬರೂ ನನ್ನನ್ನು ಮರೆತು ಅರ್ಧ ಗಂಟೆ ಮಾತಾಡಿದರು. ಹೊರಡುವಾಗ ಅಮ್ಮ ಕೇಳಿದ್ದು ಒಂದೇ ಮಾತು: ‘ಇದರ ಮೇಲೆ ನಿನ್ನ ಹೆಸರು ಬರೆದಿದ್ದೀಯಾ?’ ಚೌಕಟ್ಟಿನ ಕೆಳಮೂಲೆಯಲ್ಲಿ ಕೊರೆದಿದ್ದಳು. ಅಮ್ಮ ಬೆರಳಿಟ್ಟು ಓದಿ ತೃಪ್ತಳಾದಳು.

ಮಧ್ಯಾಹ್ನದ ಮೇಲೆ, ಆಟೋ ಚಾಲಕರು ‘ಕಲ್ಲು ಕೆತ್ತುವುದನ್ನು ನೋಡುತ್ತೀರಾ’ ಎಂದು ತಾವೇ ಒಂದು ಓಣಿಗೆ ಕರೆದೊಯ್ದರು. ತಗಡಿನ ಚಪ್ಪರ, ನೆಲದ ತುಂಬ ಬೂದಿಯಂಥ ಪುಡಿ. ಅರವತ್ತರ ಆಸುಪಾಸಿನ ಶಿಲ್ಪಿಯೊಬ್ಬರು ಗಣಪತಿಯ ಸೊಂಡಿಲಿನ ಮೇಲೆ ಚಾಣ ಇಟ್ಟು ಕುಳಿತಿದ್ದರು. ಕೃಷ್ಣಶಿಲೆ ಎಂದರು, ಆದರೆ ನೋಡಲು ಬೂದುಬಣ್ಣ. ನನ್ನ ಅನುಮಾನ ಅರ್ಥವಾಗಿ ಚೊಂಬಿನಿಂದ ಒಂದು ಹಿಡಿ ನೀರು ಎರಚಿದರು. ನೀರು ಬಿದ್ದಷ್ಟು ಭಾಗ ಕಾಡಿಗೆಯ ಹಾಗೆ ಕಪ್ಪಾಯಿತು. ಉಜ್ಜಿ ನುಣುಪು ಮಾಡಿ ಎಣ್ಣೆ ಕಾಣಿಸಿದ ಮೇಲೆ ಈ ಕಪ್ಪು ನಿಲ್ಲುತ್ತದೆ. ಕಲ್ಲನ್ನು ಆರಿಸುವಾಗ ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತಾರೆ, ಗಂಟೆಯ ನಾದ ಬಂದರೆ ಒಳಗೆ ಬಿರುಕಿಲ್ಲ. 2024ರ ಜನವರಿಯಲ್ಲಿ ಅಯೋಧ್ಯೆಯಲ್ಲಿ ಪ್ರತಿಷ್ಠೆಯಾದ ಬಾಲರಾಮನ ಶಿಲ್ಪಿ ಅರುಣ್ ಯೋಗಿರಾಜ್ ಇದೇ ಊರಿನವರು, ಆ ಕಲ್ಲೂ ಮೈಸೂರು ಜಿಲ್ಲೆಯದೇ. ಆಮೇಲೆ ಓಣಿಗೆ ನೋಡುವವರು ಬರುವುದು ಹೆಚ್ಚಾಗಿದೆ ಎಂದರು. ಕಣ್ಣನ್ನು ಕೊನೆಗೆ ತೆರೆಯುತ್ತಾರೆ, ಬಂಗಾರದ ಉಳಿ, ಬೆಳ್ಳಿಯ ಸುತ್ತಿಗೆಯಿಂದ, ಮುಹೂರ್ತ ನೋಡಿ.

ಅಮ್ಮ ಇಲ್ಲಿಯೂ ಅದೇ ಪ್ರಶ್ನೆ ಕೇಳಿದಳು. ಶಿಲ್ಪಿ ತಲೆಯಾಡಿಸಿದರು. ‘ದೇವರ ವಿಗ್ರಹಕ್ಕೆ ನಾನು ಹೆಸರು ಹಾಕುವುದಿಲ್ಲ ತಾಯಿ. ಪೂಜೆಗೆ ಕೂತ ಮೇಲೆ ಅದು ನನ್ನದಲ್ಲ.’ ಸ್ವಲ್ಪ ತಡೆದು, ‘ಆದರೆ ಬೇರೆಯವರ ಹೆಸರು ಹಾಕಿದರೆ ಸುಮ್ಮನಿರುವುದಿಲ್ಲ’ ಅಂದರು.

ಸಂಜೆಯ ರೈಲಿಗೆ ಒಂದು ಗಂಟೆ ಉಳಿದಿತ್ತು. ಸಯ್ಯಾಜಿರಾವ್ ರಸ್ತೆಯಲ್ಲಿ ಬಿಸಿ ಮೈಸೂರುಪಾಕು ಕಟ್ಟಿಸಿಕೊಂಡೆವು, ಹಾಸನ ಬರುವಷ್ಟರಲ್ಲಿ ಅರ್ಧ ಮುಗಿದಿತ್ತು.

ಮನೆಗೆ ಬಂದ ಮರುದಿನ ಬೆಳಿಗ್ಗೆ ಅಮ್ಮ ನನ್ನನ್ನು ಕುರ್ಚಿ ಹತ್ತಿಸಿ ಅಡುಗೆಮನೆಯ ಚಿತ್ರವನ್ನು ಇಳಿಸಿದಳು. ಒದ್ದೆ ಬಟ್ಟೆಯಲ್ಲಿ ಗಾಜಿನ ಮೇಲಿನ ಜಿಡ್ಡು ಒರೆಸಿದಳು. ಕೆಳಗಿನ ಅಚ್ಚನ್ನು ಅಳಿಸಲು ಒಪ್ಪಲಿಲ್ಲ, ಅದು ಅಪ್ಪ ತಂದದ್ದು ಎಂದಳು. ಕಟ್ಟನ್ನು ಬೋರಲು ಹಾಕಿ, ನನ್ನ ಕೈಯಿಂದ ಸೀಸದ ಕಡ್ಡಿ ತೆಗೆದುಕೊಂಡು, ಹಿಂದಿನ ರಟ್ಟಿನ ಮೇಲೆ ಒಂದೊಂದೇ ಅಕ್ಷರ ಕೇಳಿ ಬರೆದಳು: ಬರೆದವರು ಎಸ್.ಎಲ್. ಹಳದಣಕರ್. ಅದರ ಕೆಳಗೆ, ಯಾರೂ ಕೇಳದೆಯೇ: ನಿಂತವಳು ಅವರ ಮಗಳು.